ಕೂಸಿನ ಹಿಟ್ಟು ಮೊದಲು

ಅವರ ರೆಪ್ಪೆಗಳ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತಿತ್ತು. ತಲೆಗೆ ಒದ್ದೆ ಪಂಚೆ ಸುತ್ತಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊಣಕೈವರೆಗೆ ಬೆಳ್ಳಗಾಗಿ ನಿಂತ ಆ ಮನುಷ್ಯನಲ್ಲಿ ನಮಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣುಗಳೋ ನಮ್ಮ ಕಣ್ಣನ್ನು ನೋಡದೆ ನಮ್ಮ ಬಾಯನ್ನು ನೋಡುತ್ತಿದ್ದವು. ಮೊದಮೊದಲು ನನಗೆ ಇದು ಸರಿ ಬರಲಿಲ್ಲ. ಏನಪ್ಪಾ ಈ ಮುದುಕ, ಹೆಂಗಸರ ತುಟಿ ನೋಡಿಕೊಂಡು ಮಾತಾಡುತ್ತಾನೆ ಎಂದು ಗೊಣಗಿಕೊಂಡು ಡಬ್ಬಿ ಇಟ್ಟು ಬಂದಿದ್ದೇನೆ. ಆಮೇಲೆ ತಿಳಿಯಿತು, ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಎದುರಿನ ಗಲ್ಲಿಯಲ್ಲಿ ಅವರ ಹಿಟ್ಟಿನ ಗಿರಣಿ. ಬಾಗಲಕೋಟೆ ಕಡೆಯವರು. ಮೀಸೆ ಮೂಡುವ ವಯಸ್ಸಿಗೆ ಉಲ್ಹಾಸನಗರಕ್ಕೆ ಬಂದು ತಗಡು ಬಡಿಯುವ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಈ ಗಿರಣಿ ಹಾಕಿದವರು. ತಗಡಿನ ಸದ್ದು ಅರ್ಧ ಕಿವಿ ತಿಂದಿತ್ತು, ಉಳಿದರ್ಧವನ್ನು ಗಿರಣಿ ಮುಗಿಸಿತ್ತು. ಆದರೆ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಗಿರಣಿ ಓಡುವಾಗ ಯಾರಿಗೂ ಏನೂ ಕೇಳುವುದಿಲ್ಲವಲ್ಲ! ಅವರೊಬ್ಬರೇ ಆ ಗದ್ದಲದಲ್ಲಿ ಕನ್ನಡ, ಮರಾಠಿ, ಹಿಂದಿ, ಗುಜರಾತಿ ಎಲ್ಲವನ್ನೂ ನಮ್ಮ ತುಟಿಯಿಂದ ಎತ್ತಿಕೊಂಡು, "ಸಣ್ಣಂಗ ಬೀಸಲೋ, ದಪ್ಪೋ?" ಎಂದು ಗಟ್ಟಿಯಾಗಿ ತಿರುಗಿ ಕೇಳುತ್ತಿದ್ದರು.

ನಾನು ಧಾರವಾಡದವಳು, ಗಂಡನ ಮನೆಯವರು ಉಡುಪಿ ಕಡೆಯವರು. ಅವರಿಗೆ ಕುಚ್ಚಲಕ್ಕಿ ಇದ್ದರೆ ಲೋಕ ನಡೆಯುತ್ತದೆ. ನನಗೆ ವಾರಕ್ಕೆ ನಾಲ್ಕು ದಿನ ಜೋಳದ ರೊಟ್ಟಿ ಇಲ್ಲದಿದ್ದರೆ ತಲೆ ಕೆಡುತ್ತದೆ. ಹಾಗಾಗಿ ಆ ಗಿರಣಿ ನನ್ನ ತವರು ಇದ್ದ ಹಾಗೆ. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಹಿಟ್ಟಿನ ಡಬ್ಬಿ ಕೈಗೆ ಕೊಡುವಾಗ ಪ್ರತಿಸಲವೂ ಒಂದೇ ಮಾತು: "ಹಿಟ್ಟು ಬಿಸಿ ಐತಿ ತಂಗಿ, ಮುಚ್ಚಳ ಈಗ ಮುಚ್ಚಬ್ಯಾಡ್ರಿ." ಹತ್ತು ವರ್ಷದಿಂದ ಬರುವವರಿಗೂ ಅದೇ ಮಾತು, ನಿನ್ನೆ ಬಂದವರಿಗೂ ಅದೇ.

ಅವರದೊಂದು ಕಟ್ಟಳೆ ಇತ್ತು. ಬೆಳಿಗ್ಗೆ ಗಿರಣಿ ತೆರೆದ ತಕ್ಷಣ ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ತೊಳೆದ ಹಾಗೆ ಓಡಿಸುವುದು. ಆಮೇಲೆ ಓಣಿಯಲ್ಲಿ ಯಾವ ಮನೆಯಲ್ಲಿ ಹಸುಗೂಸು ಇದೆಯೋ ಆ ಮನೆಯ ರಾಗಿಯನ್ನೋ, ಅಕ್ಕಿ-ಬೇಳೆಯನ್ನೋ ಬೀಸುವುದು. ಅದು ಮುಗಿಯುವವರೆಗೆ ಬೇರೆ ಯಾರ ಕಾಳೂ ಕಲ್ಲಿಗೆ ಬೀಳುವ ಹಾಗಿಲ್ಲ. ಒಮ್ಮೆ ಸೊಸೈಟಿಯ ಅಧ್ಯಕ್ಷರು ಗೋಧಿ ಚೀಲ ಹೊರಿಸಿಕೊಂಡು ಬಂದು, "ಅರೇ, ಮಲಾ ಘಾಯಿ ಆಹೇ," ಅವಸರವಿದೆ ಎಂದು ಮರಾಠಿಯಲ್ಲಿ ಜೋರು ಮಾಡಿದರು. ಮಾಮಾ ಅವರ ತುಟಿ ನಿಲ್ಲುವವರೆಗೆ ಕಾದು, "ಕೂಸಿನ ಹಿಟ್ಟು ಮೊದಲು ಸಾಹೇಬ್ರ. ನಿಮಗ ಹಲ್ಲ ಅದಾವ, ಗೋಧಿ ಹಂಗ ತಿನ್ನಬಹುದು," ಎಂದು ಕನ್ನಡದಲ್ಲೇ ಹೇಳಿದರು. ಅಧ್ಯಕ್ಷರಿಗೆ ಅರ್ಥವಾಗಲಿಲ್ಲ, ಸಾಲಿನಲ್ಲಿದ್ದ ನಾವು ನಾಲ್ಕು ಜನ ನಕ್ಕೂ ನಕ್ಕೂ ಸಾಕಾದೆವು.

ಆಗ ನನಗೆ ನಗು ಅಪರೂಪವಾಗಿತ್ತು. ಮಗನಿಗೆ ಎರಡೂಮುಕ್ಕಾಲು ವರ್ಷ, ಮಗಳಿಗೆ ಐದು ತಿಂಗಳು. ನಾಲ್ಕನೇ ಮಹಡಿಯ ಒಂದು ಬೆಡ್‌ರೂಮಿನ ಮನೆ. ಗಂಡ ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು, ನವಿ ಮುಂಬೈ ಕಡೆಯ ಗಾಡಿ ಹತ್ತಿದರೆ ಮುಖ ಕಾಣುವುದು ದೀಪ ಹಚ್ಚಿದ ಮೇಲೆಯೇ. ನಾನು ಹೆರಿಗೆ ರಜೆಯಲ್ಲಿ. ರಜೆಯಂತೆ ರಜೆ! ಒಬ್ಬನ ಮೂಗು ಒರೆಸುವಷ್ಟರಲ್ಲಿ ಇನ್ನೊಬ್ಬಳು ಹೆಗಲ ಮೇಲೆ ಹಾಲು ಕಕ್ಕಿರುತ್ತಿದ್ದಳು. ಅವಳನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ ಬಂದರೆ ಇವನು ಅಕ್ಕಿ ಡಬ್ಬಿಯೊಳಗೆ ಇಳಿದಿರುತ್ತಿದ್ದ. ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೇರೆ ಇತ್ತು. ಮಗ ಮಾತಾಡುತ್ತಿರಲಿಲ್ಲ. ಅಮ್ಮಾ ಎಂದೂ ಅಂದಿರಲಿಲ್ಲ. ಬೇಕಾದ್ದಕ್ಕೆ ನನ್ನ ಗಲ್ಲ ಹಿಡಿದು ಅತ್ತ ತಿರುಗಿಸುತ್ತಿದ್ದ, ಕೊಡದಿದ್ದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ.

ಎಲ್ಲರ ಬಾಯಲ್ಲೂ ಒಂದೇ ಮಾತು: ನಿಮ್ಮ ಮನೆಯಲ್ಲಿ ಭಾಷೆ ಜಾಸ್ತಿ, ಮಗು ಗೊಂದಲಕ್ಕೆ ಬಿದ್ದಿದೆ. ಅದು ಸುಳ್ಳೂ ಅಲ್ಲ ಅನ್ನಿಸುವಂತಿತ್ತು. ನಮ್ಮ ಜೊತೆಗೇ ಇದ್ದ ಅತ್ತೆ ಮತ್ತು ಗಂಡ ತಮ್ಮೊಳಗೆ ತುಳು ಮಾತಾಡುತ್ತಿದ್ದರು. ನನ್ನದು ಧಾರವಾಡದ ಕನ್ನಡ, ಅತ್ತೆ ನನ್ನೊಡನೆ ಆಡುವುದು ಉಡುಪಿಯ ಕನ್ನಡ. ಮನೆಗೆಲಸದವಳದು ಮರಾಠಿ. ಲಿಫ್ಟಿನಲ್ಲಿ ಹಿಂದಿ. ಪ್ಲೇಸ್ಕೂಲಿನ ಟೀಚರ್, "ಒನ್ಲಿ ಒನ್ ಲ್ಯಾಂಗ್ವೇಜ್ ಮೇಡಂ, ಮನೆಯಲ್ಲಿ ಒಂದನ್ನು ಫಿಕ್ಸ್ ಮಾಡಿ," ಎಂದುಬಿಟ್ಟರು. ಯಾವುದು ಆ ಒಂದು? ತುಳು ಎಂದರೆ ನನಗೆ ಸಿಟ್ಟು, ಕನ್ನಡ ಎಂದರೆ ಅತ್ತೆ ಒಪ್ಪಿದರೂ ಗಂಡನಿಗೆ ಮುಖ ಸಣ್ಣದು. ಮೂರು ದಿನ ಜಗಳ ಕಾದು ಕೊನೆಗೆ ಯಾರದ್ದೂ ಅಲ್ಲದ ಹಿಂದಿಯನ್ನು ಆರಿಸಿದೆವು. ಈ ಬುದ್ಧಿವಂತಿಕೆ ನಮ್ಮಂಥವರಿಗೆ ಬಿಟ್ಟು ಬೇರೆ ಯಾರಿಗೆ ಹೊಳೆದೀತು!

ಅವತ್ತಿನಿಂದ ಮನೆ ಎಂಬುದು ನಾಟಕದ ತಾಲೀಮಾಯಿತು. ಅತ್ತೆ, "ಬೇಟಾ, ಇದರ್ ಆವೋ, ಗಂಜಿ ಖಾವೋ, ಬಟ್ಟಲು ಮತ್ ಬಿಸಾಡೋ," ಎನ್ನುವರು. ನಾನು ರೊಟ್ಟಿ ತಟ್ಟುತ್ತಾ ಹಿಂದಿಯಲ್ಲಿ ಬೈಯಲು ಹೋಗಿ ಶಬ್ದ ಸಿಗದೆ ಬಾಯಿ ಮುಚ್ಚುವೆ. ಮಗಳನ್ನು ತೂಗುವಾಗ ಅತ್ತೆ ಹೇಳಿಕೊಳ್ಳುತ್ತಿದ್ದ ತುಳು ಜೋಗುಳವನ್ನೂ ನಾನೇ ನಿಲ್ಲಿಸಿದೆ. "ಅದು ಬಾಲೆಗೆ ಅಲ್ಲವಾ, ಇವನಿಗೆ ಎಂತ ತೊಂದರೆ ಮಾರಾಯ್ತಿ?" ಎಂದು ಕೇಳಿದರು. "ಅವನ ಕಿವಿಗೂ ಬೀಳ್ತದಲ್ಲಾ, ಬ್ಯಾಡ್ರಿ," ಎಂದೆ. ಆಮೇಲೆ ಅವರು ಸುಮ್ಮನೆ ಹಗ್ಗ ಎಳೆಯುತ್ತಾ ಕೂರುತ್ತಿದ್ದರು. ಇಡೀ ಮನೆಯಲ್ಲಿ ಮಾತು ಕಡಿಮೆಯಾಯಿತು, ಅವನದ್ದು ಹುಟ್ಟಲಿಲ್ಲ.

ಮಗಳಿಗೆ ಅನ್ನ ಮುಟ್ಟಿಸುವ ದಿನ ಹತ್ತಿರ ಬಂತು. ಮೊಳಕೆ ಕಟ್ಟಿ ಒಣಗಿಸಿದ ರಾಗಿ ಹಿಡಿದುಕೊಂಡು, ಅವಳನ್ನು ಸೊಂಟಕ್ಕೆ ಏರಿಸಿಕೊಂಡು, ಇವನ ಕೈ ಹಿಡಿದು ಬೆಳಿಗ್ಗೆ ಬೆಳಿಗ್ಗೆ ಗಿರಣಿಗೆ ಹೋದೆ. ಬೇರೆ ಮಕ್ಕಳು ಗಿರಣಿ ಕಂಡರೆ ಕಿವಿ ಮುಚ್ಚಿಕೊಂಡು ಅಳುತ್ತವೆ. ನನ್ನ ಮಗನಿಗೆ ಅದೇ ಆಟದ ಮೈದಾನ. ಹಿಟ್ಟಿನಲ್ಲಿ ಬೆರಳಾಡಿಸುತ್ತಾ ಗಂಟೆಗಟ್ಟಲೆ ಕೂರುತ್ತಿದ್ದ. ಎಷ್ಟು ಧೈರ್ಯ ನೋಡಿ ಎಂದು ನಾನು ಬೀಗುತ್ತಿದ್ದೆ. ಮಾಮಾ ಅವತ್ತು ಅವನನ್ನು ಎತ್ತಿ ಗೋಧಿ ಚೀಲಗಳ ಮೇಲೆ ಕೂರಿಸಿ, ಅವನ ಬೆನ್ನ ಹಿಂದಿನ ಸ್ವಿಚ್ಚು ಒತ್ತಿದರು. ಗಿರಣಿ ಗುಡುಗಿತು. ನನ್ನ ಸೊಂಟದ ಕೂಸು ಬೆಚ್ಚಿಬಿದ್ದು ಕಿರುಚಿತು. ಅವನು ಚೀಲದ ದಾರ ಎಳೆಯುತ್ತಾ ಕೂತೇ ಇದ್ದ. ರಾಗಿ ಬೀಸಿ ಮುಗಿಸಿ, ಮುಂದಿನವರ ಗೋಧಿ ಸುರಿದು, ಮಾಮಾ ಮೂಗಿನ ಬಟ್ಟೆ ಇಳಿಸಿ ನನ್ನ ಹತ್ತಿರ ಬಂದರು.

"ತಂಗಿ, ಸಿಟ್ಟಾಗಬ್ಯಾಡ್ರಿ. ಹುಡುಗನ ಕಿವಿ ತೋರಸ್ರಿ."

ನನಗೆ ಅರ್ಥವೇ ಆಗಲಿಲ್ಲ. ಅವರು ಮುಂದುವರಿಸಿದರು: "ನಿಂತಾಗ ಮೋಟಾರು ಚಾಲೂ ಆದ್ರ ನೆಲ ನಡಗತೈತಿ, ಕಾಲಿಗೆ ತಿಳೀತೈತಿ, ತಿರಗಿ ನೋಡತಾನ. ಅದಕ್ಕ ಚೀಲದ ಮ್ಯಾಲ ಕೂಡಿಸಿ ನೋಡಿದ್ಯಾ. ಮೂರ ಸಲ ನೋಡೀನಿ. ಇವ ನಮ್ಮ ಬಾಯಿ ನೋಡತಾನ ತಂಗಿ, ನನ್ನಂಗ."

'ನನ್ನಂಗ' ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಇಷ್ಟು ದಿನದ ಹೆದರಿಕೆ, ವಾರಗಟ್ಟಲೆಯ ಹಾಳು ಹಿಂದಿ, ನಿದ್ದೆಯಿಲ್ಲದ ದಿನಗಳು ಎಲ್ಲವೂ ಸೇರಿ ಬಾಯಿಗೆ ಬಂದವು. "ನಿಮ್ಮ ಕಿವಿ ಹೋಗ್ಯಾವಂತ ಊರಮಂದಿ ಕಿವೀನೂ ಹೋಗ್ಯಾವ ಅನಕೊಂಡೀರೇನು? ಕಿವುಡರು ನೀವು, ನನ್ನ ಮಗ ಅಲ್ಲ. ಜೋಳ ಬೀಸೂದಷ್ಟ ಮಾಡ್ರಿ, ಮಕ್ಕಳ ಸುದ್ದಿಗೆ ಬರಬ್ಯಾಡ್ರಿ," ಎಂದೆ. ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಅಂದೆ. ಗಿರಣಿಯ ಗದ್ದಲದಲ್ಲಿ ಸಾಲಿನಲ್ಲಿದ್ದ ಯಾರಿಗೂ ಅದು ಕೇಳಲಿಲ್ಲ.

ಮಾಮಾ ನನ್ನ ತುಟಿ ನಿಲ್ಲುವವರೆಗೆ ಕಾದರು. ಆಮೇಲೆ ರಾಗಿ ಹಿಟ್ಟಿನ ಡಬ್ಬಿ ಎತ್ತಿ ಕೈಗೆ ಕೊಟ್ಟು, "ಹಿಟ್ಟು ಬಿಸಿ ಐತಿ, ಮುಚ್ಚಳ ಈಗ ಮುಚ್ಚಬ್ಯಾಡ್ರಿ," ಎಂದರು.

ನಾನು ಗಿರಣಿಗೆ ಹೋಗುವುದನ್ನು ಬಿಟ್ಟೆ. ಸ್ಟೇಷನ್ ಹತ್ತಿರದ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತಂದು, ರೊಟ್ಟಿ ಹರಿದುಹೋದರೆ ಹಿಟ್ಟಿಗೆ ಬೈದೆ. ಗಂಡನಿಗೆ ಮಾಮಾ ಹೇಳಿದ್ದನ್ನು ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಆದರೆ ಆ ಮಾತು ಮನೆಯೊಳಗೆ ನನ್ನ ಹಿಂದೆಯೇ ತಿರುಗುತ್ತಿತ್ತು. ಕುಕ್ಕರ್ ಒಂದು ಸೀಟಿ ಹೊಡೆದರೆ ಜೋಳಿಗೆಯಲ್ಲಿದ್ದ ಮಗಳು ಎದ್ದು ಕೂಗುತ್ತಿದ್ದಳು, ಪಕ್ಕದಲ್ಲೇ ಮಲಗಿದ ಮಗ ಮಿಸುಕುತ್ತಿರಲಿಲ್ಲ. ನಾವು ಎರಡು ವರ್ಷದಿಂದ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೆವು: ಇವನ ನಿದ್ದೆ ಎಂದರೆ ಚಿನ್ನದಂಥ ನಿದ್ದೆ, ಮನೆ ಮುಂದೆ ಡೋಲು ತಾಶಾ ಬಾರಿಸಿದರೂ ಏಳುವುದಿಲ್ಲ. ಮಗಳಿಗೇ ಏನೋ ದೋಷ, ಇಷ್ಟು ಹಗುರ ನಿದ್ದೆ ಎಂದು ಅವಳಿಗೆ ದೃಷ್ಟಿ ತೆಗೆಸಿದ್ದೆವು. ಅಯ್ಯೋ, ನಮ್ಮ ಬುದ್ಧಿಗೆ ಏನು ಹೇಳಲಿ!

ಎರಡೂವರೆ ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಮಗ ಅಡುಗೆಮನೆ ಬಾಗಿಲಿಗೆ ಬೆನ್ನು ಮಾಡಿ ಕೂತು ಬಟ್ಟೆ ಕ್ಲಿಪ್ಪುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಿದ್ದ. ಮಗಳು ಚಾಪೆ ಮೇಲೆ ಬೋರಲಾಗಿದ್ದಳು. ಒಳಗೆ ನನ್ನ ಕೈ ತಗುಲಿ ತೊಳೆದಿಟ್ಟ ತಾಟುಗಳ ಅಟ್ಟಿ ಪೂರ್ತಿ ಜಾರಿ ಕಟ್ಟೆಯ ಮೇಲೆ ಬಿತ್ತು. ಆ ಸದ್ದಿಗೆ ಮಗಳು ಉಸಿರು ಕಟ್ಟುವ ಹಾಗೆ ಅತ್ತಳು. ಅತ್ತೆ ಕೂತಲ್ಲಿಂದ ಎದ್ದು ಬಂದರು. ಅವನು ಮುಂದಿನ ಕ್ಲಿಪ್ಪು ಹುಡುಕುತ್ತಿದ್ದ. ಅತ್ತೆ ಅವನ ಬೆನ್ನು ನೋಡಿದರು, ನನ್ನನ್ನು ನೋಡಿದರು. ಹಿಂದಿಯ ಕಟ್ಟಳೆಯೆಲ್ಲ ಮರೆತು, "ಬಾಲೆಗ್ ಕೇನುಜಿ ಮಗಾ," ಎಂದರು. ಮಗುವಿಗೆ ಕೇಳುತ್ತಿಲ್ಲ. ನನಗೆ ತುಳು ಅಷ್ಟಕ್ಕಷ್ಟೇ, ಆದರೂ ಆ ಮಾತಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ನಾನು ಅತ್ತುಬಿಟ್ಟೆ.

ಠಾಣೆಯ ಒಂದು ಆಸ್ಪತ್ರೆಯಲ್ಲಿ ಅವನಿಗೆ ನಿದ್ದೆಯ ಔಷಧಿ ಕುಡಿಸಿ, ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ. ತೀರಾ ಇಲ್ಲವೆಂದಲ್ಲ, ಆದರೆ ಇದ್ದದ್ದು ಬಹಳ ಕಡಿಮೆ. "ಪಹಲೇ ಕ್ಯೂಂ ನಹೀಂ ಲಾಯೇ?" ಎಂದು ಡಾಕ್ಟರಮ್ಮ ಕೇಳಿದರು. ಮೊದಲೇ ಯಾಕೆ ತರಲಿಲ್ಲ? ಭಾಷೆ, ಗೊಂದಲ ಎಂದೆಲ್ಲ ಗಂಡ ಏನೇನೋ ಹೇಳುತ್ತಿದ್ದರು. ಈ ವಯಸ್ಸಿನಲ್ಲಿ ಒಂದೊಂದು ತಿಂಗಳೂ ಮುಖ್ಯ ಎಂದು ಆಕೆ ಹೇಳುತ್ತಿದ್ದಾಗ ನನ್ನ ಎರಡೂವರೆ ತಿಂಗಳು ನನ್ನ ಎದೆಯ ಮೇಲೆ ಕೂತಿದ್ದವು.

ಆಮೇಲಿನ ಒಂದು ವರ್ಷವನ್ನು ಹೇಗೆ ಕಳೆದೆವೋ ನನಗೇ ತಿಳಿಯದು. ರಜೆ ಮುಗಿದರೂ ನಾನು ಕೆಲಸಕ್ಕೆ ಮರಳಲಿಲ್ಲ. ಅವನ ಎರಡೂ ಕಿವಿಗೆ ಮಷೀನು ಬಂತು. ಕಿತ್ತು ಬಿಸಾಡುವನು, ಹುಡುಕಿ ಹಾಕುವೆ, ಮತ್ತೆ ಕಿತ್ತು ತಂಗಿಯ ಬಾಯಿಗಿಡುವನು. ವಾರಕ್ಕೆ ಮೂರು ದಿನ ಒಂದನ್ನು ಎತ್ತಿಕೊಂಡು, ಒಂದನ್ನು ಎಳೆದುಕೊಂಡು ಲೋಕಲ್ ಹತ್ತಿ ಠಾಣೆಗೆ, ಅಲ್ಲಿಂದ ರಿಕ್ಷಾ ಹಿಡಿದು ವರ್ತಕ ನಗರಕ್ಕೆ. ಅಲ್ಲಿ ಮಾತು ಕಲಿಸುವ ಮೇಡಂ ಮೊದಲ ದಿನವೇ ಕೇಳಿದರು: "ನೀವು ಅಳೋದು ಯಾವ ಭಾಷೆಯಲ್ಲಿ? ಅದರಲ್ಲೇ ಅವನ ಹತ್ತಿರ ಮಾತಾಡಿ." ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅವತ್ತೇ ಸಂಜೆ ಮಗಳ ಜೋಳಿಗೆ ಹಿಡಿದು ತುಳು ಜೋಗುಳ ಶುರುಮಾಡಿದರು. ಮೇಡಂ ಹೇಳಿದ ಇನ್ನೊಂದು ಮಾತು: ಅವನ ಎತ್ತರಕ್ಕೆ ಕೂತು, ಬೆಳಕಿಗೆ ಮುಖ ಕೊಟ್ಟು ಮಾತಾಡಿ. ನಾನು ದಿನಕ್ಕೆ ನೂರು ಸಲ ಮನೆಯವರ ಮೇಲೆ ಕೂಗುತ್ತಿದ್ದೆ: "ಮುಖಾ ತೋರಸ್ರಿ, ಗ್ವಾಡಿಗೆ ಮಾತಾಡಬ್ಯಾಡ್ರಿ!"

ಈ ವರ್ಷವಿಡೀ ಗಿರಣಿಗೆ ಹೋಗುತ್ತಿದ್ದದ್ದು ಅತ್ತೆ. ನನಗೆ ಹೋಗಲು ಮುಖ ಇರಲಿಲ್ಲ. ತರಕಾರಿಗೆಂದು ಇಳಿದರೆ ಆ ಗಲ್ಲಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದೆ. ಹಿಟ್ಟಿನ ಡಬ್ಬಿಯ ಜೊತೆ ಅತ್ತೆ, ಮಾಮಾ ವಿಚಾರಿಸಿದ್ದನ್ನೂ ತರುತ್ತಿದ್ದರು. "ಹುಡುಗ ಮಷೀನು ಹಾಕಿಕೊಳ್ತಾನಾ ಅಂತ ಕೇಳಿದ್ರು. ಸಣ್ಣದರ ಕಿವಿಯೂ ಒಮ್ಮೆ ತೋರಿಸಿ ಅಂದ್ರು. ನಿನ್ನನ್ನು ಕೇಳಿದ್ರು." ಮಗಳ ಕಿವಿಯನ್ನೂ ತೋರಿಸಿದೆವು, ಅವಳದು ಸರಿ ಇತ್ತು. ಅದನ್ನು ಹೋಗಿ ಹೇಳುವುದಾದರೂ ನನ್ನ ಕೆಲಸವಾಗಿತ್ತು. ಹೋಗಲಿಲ್ಲ.

ಹೋದದ್ದು ಮಗ 'ಮಾಮಾ' ಎಂದ ವಾರ. ಪ, ಬ, ಮ ಎಂದು ತುಟಿ ಕೂಡಿಸುವ ಅಕ್ಷರಗಳನ್ನು ಮೇಡಂ ತಿಂಗಳುಗಟ್ಟಲೆ ತಿದ್ದಿಸಿದ್ದರು. ಅಮ್ಮ, ಮಮ್ಮು, ಪಾಪಾ ಬಂದ ಮೇಲೆ ಇದೊಂದನ್ನು ನಾನೇ ಕಲಿಸಿದೆ, ಗಿರಣಿಯ ಫೋಟೋ ಫೋನಿನಲ್ಲಿ ತೋರಿಸಿ ತೋರಿಸಿ. ಒಂದು ಬೆಳಿಗ್ಗೆ ಮಗಳನ್ನು ಅತ್ತೆಗೆ ಕೊಟ್ಟು ಅವನನ್ನು ಕರೆದುಕೊಂಡು ಹೋದೆ. ಗಿರಣಿ ಓಡುತ್ತಿತ್ತು. ಮಾಮಾ ಸೊರಗಿದ್ದರು, ಕೊರಳ ಎಲುಬು ಕಾಣುತ್ತಿತ್ತು. ನಮ್ಮನ್ನು ಕಂಡು ಮೂಗಿನ ಬಟ್ಟೆ ಇಳಿಸಿದರು. ಮಗ ಅವರ ಮುಂದೆ ನಿಂತು ಮುಖ ಎತ್ತಿ, "ಮಾಮಾ," ಎಂದ.

ಅವರು ಹೋಗಿ ಸ್ವಿಚ್ಚು ಆರಿಸಿದರು. ಮೇಲೆ ಯಾರದೋ ಗೋಧಿ ಅರ್ಧ ಬೀಸಿ ನಿಂತಿತು. ಅಂಥದ್ದನ್ನು ಅವರು ಮಾಡಿದ್ದು ನಾನು ನೋಡಿರಲಿಲ್ಲ.

"ತುಟಿ ಕೂಡಿದ್ದು ಕಂಡಿತು," ಎಂದರು. "ದನಿ ಬಂತೇನ್ರಿ ತಂಗಿ?"

ಬಂತು ಎಂದು ತಲೆಯಾಡಿಸಿದೆ. ಅವರು ಚೀಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು, ಹಿಟ್ಟೂ ಕಣ್ಣೀರೂ ಸೇರಿ ಕೆನ್ನೆಗೆ ಮೆತ್ತಿತು. ನನಗೆ ತಡೆಯಲಾಗಲಿಲ್ಲ. ಬಾಗಿ ಅವರ ಎರಡೂ ಕಾಲು ಹಿಡಿದು, ಹಣೆ ಹಚ್ಚಿ, ಒಂದು ವರ್ಷದಿಂದ ನುಂಗಿಕೊಂಡಿದ್ದನ್ನೆಲ್ಲ ಹೇಳಿದೆ: "ಮಾಮಾ, ಅವತ್ತ ನಾ ಹಂಗ ಅನಬಾರದಿತ್ತು. ನಿಮ್ಮ ಮಾತು ಕೇಳಿದ್ರ ನನ್ನ ಮಗಂದು ಎರಡೂವರಿ ತಿಂಗಳು ಉಳೀತಿತ್ತು. ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ."

"ಏಳ್ರಿ, ಏಳ್ರಿ," ಎಂದು ಭುಜ ಹಿಡಿದು ಎತ್ತಿದರು. "ಆತು, ನಾಳೆ ಮುಂಜಾನೆ ಕೊಟ್ಟ ಕಳಸ್ರಿ, ಬೀಸಿ ಇಡತೀನಿ."

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ನನಗೆ ನಾಚಿಕೆಯಾಗಬಾರದು ಎಂದು ಮಾತನ್ನು ಹಿಟ್ಟಿಗೆ ತಿರುಗಿಸಿದರಲ್ಲ! ಹಗುರಾಗಿ ಮೆಟ್ಟಿಲು ಹತ್ತಿ ಬಂದೆ. ಮರುದಿನ ಜೋಳ ಕಳಿಸಬೇಕೆಂದರೆ ಮಗಳಿಗೆ ಜ್ವರ. ಅವಳದು ಇಳಿಯುವಷ್ಟರಲ್ಲಿ ಇವನ ಮಷೀನು ಕೆಟ್ಟು ಕಲ್ಯಾಣದವರೆಗೆ ಓಡಾಟ. ಹನ್ನೊಂದನೇ ದಿನ ಬೆಳಿಗ್ಗೆ ಗಿರಣಿ ತೆರೆಯಲಿಲ್ಲ. ಎದೆನೋವು ಎಂದರು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಮೂರು ದಿನ ಬಿಟ್ಟು ಅವರ ಮನೆಗೆ ಹೋದೆ. ಹಳಿಯ ಆಚೆ, ಚಾಳಿನ ಒಂದು ಖೋಲಿ. ಅವರ ಹೆಂಡತಿಯನ್ನು ನಾನು ಕಂಡದ್ದು ಅದೇ ಮೊದಲು. ನಾನು ಯಾರೆಂದು ಹೇಳುವ ಮೊದಲೇ ಅವರು, "ಮಷೀನಿನ ಹುಡುಗನ ತಾಯಿ ಹೌದಲ್ಲೋ?" ಎಂದು ಪಕ್ಕದಲ್ಲಿ ಕೂರಿಸಿಕೊಂಡರು.

"ಹುಡುಗ ಮಾಮಾ ಅಂದ, ದನೀನೂ ಬಂತಂತ, ಅಂತ ಹತ್ತು ಸಲ ಹೇಳ್ಯಾರ ನೋಡ್ರಿ. ಆ ಹುಡುಗನ ತಾಯಿ ಕಾಲಿಗೆ ಬಿದ್ದು ಏನೋ ಅಂದಳು, ನೆಲಕ್ಕ ಮುಖ ಇತ್ತು, ಬಾಯಿ ಕಾಣಲಿಲ್ಲ, ಬೀಸೂದರ ಸುದ್ದಿ ಇರಬೇಕಂತ ಹೂಂ ಅಂದ್ಯಾ ಅಂದ್ರು. ಮತ್ತ ಬಂದಾಗ ಕೇಳಬೇಕು ಅಂತಿದ್ರು. ದಿನಾ ಸಂಜೀಕ ಬಂದು, ಆಕಿ ಇವತ್ತೂ ಬರಲಿಲ್ಲ ಅನ್ನವರು." ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದರು. "ಏನ ಅಂದಿದ್ರಿ ತಂಗಿ, ಅವತ್ತ?"

ಬೈದ ದಿನ ಅವರ ಮುಖ ನೋಡಿ ಬೈದಿದ್ದೆ. ಒಂದಕ್ಷರ ಬಿಡದೆ ಓದಿಕೊಂಡಿದ್ದರು. ತಪ್ಪಾಯಿತು ಎಂದದ್ದನ್ನು ನಾನು ನೆಲಕ್ಕೆ ಹೇಳಿ ಬಂದಿದ್ದೆ.

ಅವರ ಹೆಂಡತಿ ಕೈ ಬಿಡದೆ ಕಾಯುತ್ತಿದ್ದರು. ನಾನು ಅವರ ಎದುರಿಗೆ ತಿರುಗಿ ಕೂತು, ಮುಖ ಎತ್ತಿ, ಮೊದಲಿನಿಂದ ಹೇಳತೊಡಗಿದೆ.